ಕಾಲೇಜು ಪ್ರವೇಶಕ್ಕೆ ಖಾಸಗಿ ಸಲಹೆಗಾರರು ಅಗತ್ಯವೇ?

ದ್ವಿತೀಯ ಪಿಯುಸಿ ಫಲಿತಾಂಶ ಮತ್ತು ಸಿಇಟಿ ರ್‍ಯಾಂಕ್ ಪ್ರಕಟವಾಗುವ ದಿನಗಳಲ್ಲಿ ರಾಜ್ಯದ ನಗರಗಳಲ್ಲಿ ಒಂದು ವಹಿವಾಟು ಏಕಾಏಕಿ ಚುರುಕಾಗುತ್ತದೆ. ‘ಪ್ರವೇಶ ಮಾರ್ಗದರ್ಶನ’, ‘ಕೆರಿಯರ್ ಕೌನ್ಸೆಲಿಂಗ್’, ‘ಸೀಟು ಖಚಿತ’ ಎಂಬ ಫಲಕಗಳು ಕಾಣಿಸಿಕೊಳ್ಳುತ್ತವೆ. ಪೋಷಕರ ಮೊಬೈಲಿಗೆ ಅಪರಿಚಿತ ಸಂಖ್ಯೆಗಳಿಂದ ಕರೆಗಳು ಬರತೊಡಗುತ್ತವೆ. ಮಗನ ಹೆಸರು, ಮಗಳ ಅಂಕ, ಬೇಕೆಂದಿರುವ ಕೋರ್ಸು ಎಲ್ಲವನ್ನೂ ಕರೆ ಮಾಡಿದವರೇ ಹೇಳುತ್ತಾರೆ. ಎರಡು ವರ್ಷ ಕೋಚಿಂಗ್‌ಗೆ ಹಣ ಸುರಿದ ಕುಟುಂಬ, ಕೊನೆಯ ಹೆಜ್ಜೆಯಲ್ಲಿ ಎಡವಬಾರದೆಂಬ ಆತಂಕದಿಂದ ಮತ್ತೊಮ್ಮೆ ಹಣ ಕೊಡಲು ಮುಂದಾಗುತ್ತದೆ.

ಈ ಖರ್ಚು ಅಗತ್ಯವೇ? ಯಾರಿಗೆ ಅಗತ್ಯ, ಯಾರಿಗೆ ಅನಗತ್ಯ? ಸಲಹೆಗಾರರು ನಿಜಕ್ಕೂ ಮಾಡಬಲ್ಲದ್ದೇನು? ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶ ವ್ಯವಸ್ಥೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಉತ್ತರವನ್ನು ಮೊದಲೇ ಹೇಳುವುದಾದರೆ, ಮಾಹಿತಿ ಮತ್ತು ವಿವೇಚನೆಗಾಗಿ ಹಣ ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಸೀಟಿಗಾಗಿ ಯಾವ ಸಲಹೆಗಾರನಿಗೂ ಹಣ ಕೊಡಬಾರದು. ಏಕೆಂದರೆ ಸೀಟು ಅವನ ಕೈಯಲ್ಲಿಲ್ಲ.

ಹಿನ್ನೆಲೆ

ವೃತ್ತಿಶಿಕ್ಷಣದ ಸೀಟುಗಳಿಗಾಗಿ ವಂತಿಗೆ ಪಡೆಯುವ ಪದ್ಧತಿಯ ವಿರುದ್ಧದ ದೇಶವ್ಯಾಪಿ ಚರ್ಚೆಯಲ್ಲಿ ಕರ್ನಾಟಕಕ್ಕೆ ಮುಖ್ಯ ಸ್ಥಾನವಿದೆ. ವಂತಿಗೆ ನಿಷೇಧಿಸುವ ಕಾಯ್ದೆಯನ್ನು ರಾಜ್ಯವು 1984ರಲ್ಲಿಯೇ ಜಾರಿಗೆ ತಂದಿತ್ತು. ಹೊರರಾಜ್ಯದ ವಿದ್ಯಾರ್ಥಿನಿಯೊಬ್ಬರಿಗೆ ಇಲ್ಲಿನ ಖಾಸಗಿ ವೈದ್ಯಕೀಯ ಕಾಲೇಜೊಂದು ಭಾರಿ ಶುಲ್ಕ ಕೇಳಿದ ವಿಷಯ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿ, 1992ರಲ್ಲಿ ಮೋಹಿನಿ ಜೈನ್ ಪ್ರಕರಣದ ತೀರ್ಪು ಹೊರಬಿತ್ತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅರ್ಹತೆಯ ಆಧಾರದ ಮೇಲೆ ಸೀಟು ಹಂಚುವ ವ್ಯವಸ್ಥೆಯನ್ನು ನ್ಯಾಯಾಲಯ ರೂಪಿಸಿತು. ಇದರ ಫಲವಾಗಿ 1994ರಲ್ಲಿ ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ ಆರಂಭವಾಯಿತು. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣ ಮತ್ತು 2005ರ ಇನಾಂದಾರ್ ಪ್ರಕರಣದ ತೀರ್ಪುಗಳು ಖಾಸಗಿ ಸಂಸ್ಥೆಗಳಿಗೆ ಹೆಚ್ಚಿನ ಸ್ವಾಯತ್ತತೆ ನೀಡಿದವು. ಸೀಟುಗಳು ಹಲವು ಕೋಟಾಗಳಾಗಿ ಒಡೆದುಕೊಂಡಿರುವುದಕ್ಕೆ ಈ ತೀರ್ಪುಗಳ ಸರಣಿಯೇ ಕಾರಣ.

ಆರಂಭದ ವರ್ಷಗಳಲ್ಲಿ ಅಭ್ಯರ್ಥಿಗಳು ಪೋಷಕರೊಡನೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಸಿಇಟಿ ಘಟಕಕ್ಕೆ ಬರಬೇಕಿತ್ತು. ರ್‍ಯಾಂಕ್ ಪ್ರಕಾರ ಸರದಿ ಬಂದಾಗ, ಯಾವ ಕಾಲೇಜಿನಲ್ಲಿ ಯಾವ ಸೀಟು ಉಳಿದಿದೆ ಎಂಬುದನ್ನು ಪರದೆಯ ಮೇಲೆ ನೋಡಿ ಅಲ್ಲಿಯೇ ಆರಿಸಿಕೊಳ್ಳಬೇಕಿತ್ತು. ಪ್ರಯಾಣ ಪ್ರಯಾಸಕರವಾಗಿದ್ದರೂ ಆಯ್ಕೆ ಸರಳವಾಗಿತ್ತು. ಉಳಿದಿರುವುದು ಕಣ್ಣೆದುರಿಗೇ ಇರುತ್ತಿತ್ತು.

ಕರ್ನಾಟಕ ಪರೀಕ್ಷಾ ಪ್ರಾಧಿಕಾರವು 2012ರಲ್ಲಿ ಆನ್‌ಲೈನ್ ಕೌನ್ಸೆಲಿಂಗ್ ಪದ್ಧತಿಗೆ ಹೊರಳಿದಾಗ ದೂರದ ಬೀದರ್, ಚಾಮರಾಜನಗರಗಳ ಕುಟುಂಬಗಳಿಗೆ ಪ್ರಯಾಣ ತಪ್ಪಿತು. ಆದರೆ ಆಯ್ಕೆಯ ಸ್ವರೂಪವೇ ಬದಲಾಯಿತು. ಯಾವ ಸೀಟು ಉಳಿಯಲಿದೆ ಎಂಬುದು ತಿಳಿಯುವ ಮೊದಲೇ, ಬೇಕಾದ ಕಾಲೇಜು ಮತ್ತು ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ಪಟ್ಟಿ ಮಾಡಿ ನಮೂದಿಸಬೇಕಾಯಿತು. ಈ ಪಟ್ಟಿಯ ಕುರಿತಾದ ಭಯವೇ ಖಾಸಗಿ ಸಲಹೆಗಾರರ ಮುಖ್ಯ ಬಂಡವಾಳ.

ಸಲಹೆಗಾರರಲ್ಲಿ ನಾಲ್ಕು ಬಗೆ

‘ಕೌನ್ಸೆಲರ್’ ಎಂಬ ಒಂದೇ ಪದದಡಿ ನಾಲ್ಕು ಬಗೆಯ ಜನ ಕೆಲಸ ಮಾಡುತ್ತಿದ್ದಾರೆ. ಅವರನ್ನು ಬೇರೆಬೇರೆಯಾಗಿ ಗುರುತಿಸುವುದು ಮೊದಲ ಅಗತ್ಯ.

ಮೊದಲನೆಯವರು ವೃತ್ತಿ ಮಾರ್ಗದರ್ಶಕರು. ವಿದ್ಯಾರ್ಥಿಯ ಆಸಕ್ತಿ, ಸಾಮರ್ಥ್ಯಗಳನ್ನು ಅರಿತು ಯಾವ ಕ್ಷೇತ್ರ ಹೊಂದಬಹುದು ಎಂದು ಚರ್ಚಿಸುವವರು. ಇವರಲ್ಲಿ ಮನಃಶಾಸ್ತ್ರ ಅಥವಾ ಶಿಕ್ಷಣಶಾಸ್ತ್ರ ಓದಿದವರೂ ಇದ್ದಾರೆ, ಕಂಪ್ಯೂಟರಿನಲ್ಲಿ ಪ್ರಶ್ನಾವಳಿಯೊಂದನ್ನು ತುಂಬಿಸಿ ವರದಿ ಮುದ್ರಿಸಿ ಕೊಡುವವರೂ ಇದ್ದಾರೆ.

ಎರಡನೆಯವರು ಪ್ರಕ್ರಿಯೆಯ ಸಲಹೆಗಾರರು. ಅರ್ಜಿ ತುಂಬುವುದು, ದಾಖಲೆ ಹೊಂದಿಸುವುದು, ಕಾಲೇಜುಗಳ ಆದ್ಯತಾ ಪಟ್ಟಿ ಸಿದ್ಧಪಡಿಸುವುದು ಇವರ ಕೆಲಸ. ಶುಲ್ಕಕ್ಕೆ ಮೇಲ್ಮಿತಿ ಇಲ್ಲ. ಇವರು ಬಳಸುವ ಮಾಹಿತಿಯಲ್ಲಿ ಬಹುಪಾಲು ಪ್ರಾಧಿಕಾರದ ಜಾಲತಾಣದಲ್ಲಿ ಉಚಿತವಾಗಿ ಲಭ್ಯವಿರುವಂಥದ್ದೇ.

ಮೂರನೆಯವರು ಸೀಟು ದಲ್ಲಾಳಿಗಳು. ಆಡಳಿತ ಮಂಡಳಿ ಕೋಟಾದ ಸೀಟು ಕೊಡಿಸುವುದಾಗಿ ಹೇಳಿ ಪೋಷಕರಿಂದಲೂ ಕೆಲವೊಮ್ಮೆ ಕಾಲೇಜಿನಿಂದಲೂ ಹಣ ಪಡೆಯುವವರು. ಇವರಿಗೆ ಸಲಹೆ ಎಂಬುದು ಹೆಸರಿಗೆ ಮಾತ್ರ.

ನಾಲ್ಕನೆಯವರು ವಿದೇಶಿ ಶಿಕ್ಷಣದ ಏಜೆಂಟರು. ಇವರಲ್ಲಿ ಅನೇಕರು ‘ಉಚಿತ ಮಾರ್ಗದರ್ಶನ’ ಎಂದು ಪ್ರಚಾರ ಮಾಡುತ್ತಾರೆ. ವಿದ್ಯಾರ್ಥಿ ಸೇರಿದ ಬಳಿಕ ವಿದೇಶಿ ವಿಶ್ವವಿದ್ಯಾಲಯ ಇವರಿಗೆ ಕಮಿಷನ್ ನೀಡುತ್ತದೆ. ಹೀಗಾಗಿ ಕಮಿಷನ್ ಕೊಡದ ಒಳ್ಳೆಯ ವಿಶ್ವವಿದ್ಯಾಲಯದ ಹೆಸರು ಇವರ ಬಾಯಲ್ಲಿ ಬರುವುದು ಕಷ್ಟ. ಅಮೆರಿಕದಲ್ಲಿ 1976ರಲ್ಲಿ ಸ್ಥಾಪನೆಯಾದ ಸ್ವತಂತ್ರ ಶೈಕ್ಷಣಿಕ ಸಲಹೆಗಾರರ ಸಂಘವು, ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕೆ ಕಾಲೇಜುಗಳಿಂದ ಹಣ ಪಡೆಯಬಾರದೆಂದು ತನ್ನ ಸದಸ್ಯರಿಗೆ ನಿಯಮ ಮಾಡಿದೆ. ನಮ್ಮಲ್ಲಿ ಸಲಹೆಗಾರರಿಗೆ ಅಂತಹ ಕಡ್ಡಾಯ ನೀತಿಸಂಹಿತೆ ಇಲ್ಲ. ಸಲಹೆಗಾರನಿಗೆ ಹಣ ಬರುವುದು ಯಾರಿಂದ ಎಂಬುದನ್ನು ಪೋಷಕರೇ ಕೇಳಿ ತಿಳಿಯಬೇಕು.

ಸೀಟು ಹಂಚಿಕೆ ನಡೆಯುವ ಬಗೆ

ಅನುದಾನರಹಿತ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇ 45ರಷ್ಟು ಸೀಟುಗಳು ಪರೀಕ್ಷಾ ಪ್ರಾಧಿಕಾರದ ಮೂಲಕ, ಶೇ 30ರಷ್ಟು ಕಾಮೆಡ್-ಕೆ ಮೂಲಕ ಭರ್ತಿಯಾಗುತ್ತವೆ. ಉಳಿದ ಶೇ 25 ಆಡಳಿತ ಮಂಡಳಿಯ ಪಾಲು. ಎಂಜಿನಿಯರಿಂಗ್ ರ್‍ಯಾಂಕಿಗೆ ಸಿಇಟಿ ಅಂಕ ಮತ್ತು ದ್ವಿತೀಯ ಪಿಯುಸಿಯ ಸಂಬಂಧಿತ ವಿಷಯಗಳ ಅಂಕ ಎರಡನ್ನೂ ತಲಾ ಅರ್ಧದಷ್ಟು ಪರಿಗಣಿಸಲಾಗುತ್ತದೆ. ವೈದ್ಯಕೀಯಕ್ಕೆ ನೀಟ್ ಒಂದೇ ಮಾನದಂಡ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಶೇ 15ರಷ್ಟು ಅಖಿಲ ಭಾರತ ಕೋಟಾದ ಸೀಟುಗಳನ್ನೂ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನೂ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ ಹಂಚುತ್ತದೆ. ಐಐಟಿ, ಎನ್‌ಐಟಿ, ಐಐಐಟಿಗಳ ಹಂಚಿಕೆ 2015ರಿಂದ ಜೋಸಾ ಎಂಬ ಜಂಟಿ ಪ್ರಾಧಿಕಾರದ ಹೊಣೆ. ಸುರತ್ಕಲ್‌ನ ಎನ್‌ಐಟಿಯ ಅರ್ಧದಷ್ಟು ಸೀಟು ಕರ್ನಾಟಕದ ಅಭ್ಯರ್ಥಿಗಳಿಗೆ ಮೀಸಲು ಎಂಬುದನ್ನು ಮರೆಯಬಾರದು. ಜೆಇಇ ಅಂಕ ಸಾಧಾರಣವಾಗಿದ್ದರೂ ಈ ಕೋಟಾದ ಹಿಂದಿನ ವರ್ಷಗಳ ಕೊನೆಯ ರ್‍ಯಾಂಕನ್ನು ನೋಡದೆ ಕೈಬಿಡಬಾರದು.

ಆಪ್ಷನ್ ಎಂಟ್ರಿಯ ಕುರಿತು ಇರುವ ಅತಿ ದೊಡ್ಡ ತಪ್ಪು ತಿಳಿವಳಿಕೆ ಎಂದರೆ, ‘ಸಿಗದ ಕಾಲೇಜನ್ನು ಮೇಲೆ ಬರೆದರೆ ಸಿಗುವ ಕಾಲೇಜೂ ಕೈತಪ್ಪುತ್ತದೆ’ ಎಂಬುದು. ಇದು ನಿಜವಲ್ಲ. ಹಂಚಿಕೆಯ ಗಣಕ ಕ್ರಮ ತೀರಾ ಸರಳ. ಮೊದಲ ರ್‍ಯಾಂಕಿನಿಂದ ಆರಂಭಿಸಿ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಕ್ಕೆ ಓದುತ್ತ ಹೋಗುತ್ತದೆ. ಆ ಕ್ಷಣಕ್ಕೆ ಉಳಿದಿರುವ ಸೀಟುಗಳಲ್ಲಿ, ಅಭ್ಯರ್ಥಿಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವುದು ಅವರಿಗೆ ಸಿಗುತ್ತದೆ.

ಉದಾಹರಣೆಗೆ 20,000ನೇ ರ್‍ಯಾಂಕಿನ ವಿದ್ಯಾರ್ಥಿನಿಯೊಬ್ಬಳು ಮೊದಲ ಹತ್ತು ಸಾಲುಗಳಲ್ಲಿ ತನಗೆ ದೊರೆಯುವುದು ಅಸಂಭವವಾದ ಕಾಲೇಜುಗಳನ್ನೇ ಬರೆದಳೆನ್ನೋಣ. ಅವಳ ಸರದಿ ಬಂದಾಗ ಗಣಕವು ಆ ಹತ್ತನ್ನೂ ದಾಟಿ ಹನ್ನೊಂದನೆಯದನ್ನು ನೋಡುತ್ತದೆ. ಅದು ಖಾಲಿ ಇದ್ದರೆ ಕೊಡುತ್ತದೆ. ಅವಳಿಗಿಂತ ಕೆಳಗಿನ ರ್‍ಯಾಂಕಿನವನು ಅದೇ ಕಾಲೇಜನ್ನು ಮೊದಲ ಸಾಲಿನಲ್ಲಿ ಬರೆದಿದ್ದರೂ ಅವನಿಗೆ ಆದ್ಯತೆ ಇಲ್ಲ. ಅವಳು ಕಳೆದುಕೊಳ್ಳುವುದು ಹತ್ತು ಸಾಲು ನಮೂದಿಸುವ ಶ್ರಮವನ್ನಷ್ಟೇ. ಇದಕ್ಕೆ ಪ್ರತಿಯಾಗಿ, ‘ಸುರಕ್ಷಿತ’ ಎಂದು ಯಾರೋ ಹೇಳಿದ ಕಾಲೇಜನ್ನು ತನಗೆ ನಿಜಕ್ಕೂ ಬೇಕಾದ ಕಾಲೇಜಿಗಿಂತ ಮೇಲೆ ಬರೆದರೆ ನಷ್ಟ ಖಚಿತ. ಸುರಕ್ಷಿತ ಸೀಟು ಸಿಕ್ಕ ಕೂಡಲೇ ಗಣಕ ಕೆಳಗೆ ಇಳಿಯುವುದನ್ನು ನಿಲ್ಲಿಸುತ್ತದೆ. ಬಯಸಿದ ಸೀಟು ಖಾಲಿ ಇದ್ದರೂ ಅದು ಬೇರೆಯವರ ಪಾಲಾಗುತ್ತದೆ.

ಜೋಸಾ ಹಂಚಿಕೆಯೂ ಈ ವಿಷಯದಲ್ಲಿ ಭಿನ್ನವಲ್ಲ. ಅಲ್ಲಿಯೂ ಇಷ್ಟದ ಕ್ರಮದಲ್ಲಿ ಎಷ್ಟು ಸಾಧ್ಯವೋ ಅಷ್ಟು ಆಯ್ಕೆ ತುಂಬುವುದೇ ಸರಿಯಾದ ಮಾರ್ಗ. ಆದ್ದರಿಂದ ‘ಪಟ್ಟಿಯ ರಹಸ್ಯ ತಂತ್ರ’ ಎಂಬುದನ್ನು ಮಾರುವವರ ಬಳಿ ಮಾರಲು ಏನೂ ಇಲ್ಲ. ಎರಡು ಎಚ್ಚರಿಕೆ ಸಾಕು. ಒಂದು, ಸೇರಲು ಇಷ್ಟವೇ ಇಲ್ಲದ ಕಾಲೇಜನ್ನು ಪಟ್ಟಿಯಲ್ಲಿ ಬರೆಯಬಾರದು. ಎರಡು, ಪಟ್ಟಿಯನ್ನು ಅರ್ಧಕ್ಕೆ ನಿಲ್ಲಿಸಬಾರದು. ತನ್ನ ರ್‍ಯಾಂಕಿಗೆ ಖಂಡಿತ ಸಿಗಬಹುದಾದ, ಸೇರಲು ಮನಸ್ಸಿರುವ ಕಾಲೇಜುಗಳು ಕೊನೆಯ ಭಾಗದಲ್ಲಿ ಇರಲೇಬೇಕು.

ಪ್ರಾಧಿಕಾರವು ನೈಜ ಹಂಚಿಕೆಗೆ ಮುನ್ನ ಅಣಕು ಸೀಟು ಹಂಚಿಕೆ ನಡೆಸುತ್ತದೆ. ತಾನು ಬರೆದ ಪಟ್ಟಿಗೆ ಸರಿಸುಮಾರು ಯಾವ ಸೀಟು ಬರಬಹುದೆಂಬುದನ್ನು ಇದರಿಂದ ತಿಳಿದು ಕ್ರಮ ಬದಲಿಸಿಕೊಳ್ಳಲು ಅವಕಾಶವಿದೆ. ಯಾವ ಖಾಸಗಿ ಸಲಹೆಗಾರನ ಭವಿಷ್ಯವಾಣಿಯೂ ಇದಕ್ಕೆ ಸಾಟಿಯಲ್ಲ.

ಹಂಚಿಕೆಯ ನಂತರದ ಹೆಜ್ಜೆಯಲ್ಲಿಯೇ ತಪ್ಪುಗಳು ಹೆಚ್ಚು. ಸೀಟು ಒಪ್ಪಿ ಶುಲ್ಕ ಪಾವತಿಸಿ ಕಾಲೇಜು ಸೇರುವುದು ಛಾಯ್ಸ್-1. ಸಿಕ್ಕ ಸೀಟನ್ನು ಉಳಿಸಿಕೊಂಡು ಇನ್ನೂ ಮೇಲಿನದಕ್ಕಾಗಿ ಮುಂದಿನ ಸುತ್ತಿಗೆ ಹೋಗುವುದು ಛಾಯ್ಸ್-2. ಸಿಕ್ಕದ್ದನ್ನು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುವುದು ಛಾಯ್ಸ್-3. ಪ್ರಕ್ರಿಯೆಯಿಂದಲೇ ಹೊರಬರುವುದು ಛಾಯ್ಸ್-4. ಛಾಯ್ಸ್-2 ಆರಿಸಿದವರಿಗೆ ಮುಂದಿನ ಸುತ್ತಿನಲ್ಲಿ ಪಟ್ಟಿಯ ಮೇಲಿನ ಸೀಟು ದೊರೆತರೆ ಹಿಂದಿನ ಸೀಟು ತಾನಾಗಿ ರದ್ದಾಗುತ್ತದೆ. ಇದನ್ನು ಅರಿಯದೆ ‘ಎರಡರಲ್ಲೊಂದು ಆಮೇಲೆ ಆರಿಸಿಕೊಳ್ಳೋಣ’ ಎಂದು ಕಾಯುವವರು ಪೇಚಿಗೆ ಸಿಲುಕುತ್ತಾರೆ. ಶುಲ್ಕ, ಠೇವಣಿ, ದಂಡದ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು.

ನೆರವು ನಿಜಕ್ಕೂ ಬೇಕಾದವರು

ಇಷ್ಟರಿಂದ ಸಲಹೆಗಾರರು ಯಾರಿಗೂ ಬೇಡ ಎಂದಾಗುವುದಿಲ್ಲ. ಕುಟುಂಬದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲೇರುತ್ತಿರುವ ವಿದ್ಯಾರ್ಥಿಗೆ ಮಾಹಿತಿ ಉಚಿತವಾಗಿದ್ದರೂ ಅದನ್ನು ಓದಿ ಅರ್ಥೈಸುವವರು ಮನೆಯಲ್ಲಿ ಇರುವುದಿಲ್ಲ. ವಿಪರ್ಯಾಸವೆಂದರೆ ಖಾಸಗಿ ಸಲಹೆಯನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಅದರ ಅಗತ್ಯ ಕಡಿಮೆ ಇರುವ, ವಿದ್ಯಾವಂತ ನಗರವಾಸಿ ಪೋಷಕರು. ನಿಜವಾದ ಅಗತ್ಯವುಳ್ಳವರಿಗೆ ಶುಲ್ಕ ಕೊಡುವ ಶಕ್ತಿ ಇಲ್ಲ. ಅಂಥವರಿಗೆ ಪಿಯು ಕಾಲೇಜಿನ ಅನುಭವಿ ಉಪನ್ಯಾಸಕರು, ಹಿಂದಿನ ವರ್ಷ ಸೀಟು ಪಡೆದ ಅದೇ ಊರಿನ ವಿದ್ಯಾರ್ಥಿಗಳು ಮತ್ತು ಪ್ರಾಧಿಕಾರದ ಸಹಾಯವಾಣಿಯೇ ಆಸರೆ. ಪಿಯು ಕಾಲೇಜುಗಳು ಜೂನ್‌ವರೆಗೆ ಕಾಯದೆ ಫೆಬ್ರುವರಿಯಲ್ಲಿಯೇ ಒಂದು ದಿನ ಈ ವಿಷಯಕ್ಕೆ ಮೀಸಲಿಟ್ಟರೆ ದಲ್ಲಾಳಿಗಳ ಅರ್ಧ ವ್ಯಾಪಾರ ನಿಲ್ಲುತ್ತದೆ.

ಎರಡನೆಯದಾಗಿ, ಮೀಸಲಾತಿ ಮತ್ತು ಅರ್ಹತಾ ಕಲಮುಗಳ ತೊಡಕು ಇರುವವರು. ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮ ಮೀಸಲಾತಿ ಶೇ 5. ಇವುಗಳಿಗೆ ಒಂದರಿಂದ ಹತ್ತನೇ ತರಗತಿಯವರೆಗಿನ ವ್ಯಾಸಂಗದ ದಾಖಲೆ ಬೇಕು. ಕಲ್ಯಾಣ ಕರ್ನಾಟಕದವರಿಗೆ 371(ಜೆ) ವಿಧಿಯಡಿ ಪ್ರತ್ಯೇಕ ಸೌಲಭ್ಯವಿದೆ. ಜಾತಿ, ಆದಾಯ ಪ್ರಮಾಣಪತ್ರಗಳ ಆರ್.ಡಿ. ಸಂಖ್ಯೆ ಸರಿಯಾಗಿ ತಾಳೆಯಾಗಬೇಕು. ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರುವ ಕುಟುಂಬದ ಎಂಜಿನಿಯರಿಂಗ್ ಅಭ್ಯರ್ಥಿಗಳಿಗೆ ಬೋಧನಾ ಶುಲ್ಕ ವಿನಾಯಿತಿಯ ಶೇ 5ರಷ್ಟು ಹೆಚ್ಚುವರಿ ಸೀಟುಗಳಿವೆ. ಇದನ್ನು ಎಸ್‌ಎನ್‌ಕ್ಯೂ ಎನ್ನುತ್ತಾರೆ. ಹೊರನಾಡು, ಗಡಿನಾಡು ಕನ್ನಡಿಗ ಅಭ್ಯರ್ಥಿಗಳಿಗೆ ಪ್ರತ್ಯೇಕ ಕಲಮು ಇದ್ದು, ಅವರಿಗಾಗಿ ಪ್ರಾಧಿಕಾರ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಅರ್ಜಿಯಲ್ಲಿ ಕೇಳದ ಮೀಸಲಾತಿ ಹಂಚಿಕೆಯ ವೇಳೆ ತಾನಾಗಿ ಸಿಗುವುದಿಲ್ಲ. ಈ ತೊಡಕುಗಳಿಗೆ ಬಲ್ಲವರ ನೆರವು ಉಪಯುಕ್ತ. ಆದರೆ ಅದು ಬೇಕಾಗುವುದು ಅರ್ಜಿ ತುಂಬುವ ಹಂತದಲ್ಲಿ. ಫಲಿತಾಂಶದ ನಂತರ ಸಲಹೆಗಾರರ ಬಾಗಿಲು ತಟ್ಟುವ ಹೊತ್ತಿಗೆ ಕಾಲ ಮೀರಿರುತ್ತದೆ.

ಮೂರನೆಯದಾಗಿ, ಏನು ಓದಬೇಕೆಂಬುದೇ ತೀರ್ಮಾನವಾಗದ ವಿದ್ಯಾರ್ಥಿ. ತಂದೆ ಎಂಜಿನಿಯರಿಂಗ್ ಎನ್ನುತ್ತಾರೆ, ಮಗಳಿಗೆ ಅರ್ಥಶಾಸ್ತ್ರದತ್ತ ಒಲವು. ಇಂತಹ ಕಡೆ ಮನೆಯವರಲ್ಲದ, ಯಾವ ಕಾಲೇಜಿನ ಹಂಗೂ ಇಲ್ಲದ ಅರ್ಹ ಮಾರ್ಗದರ್ಶಕರೊಡನೆ ನಡೆಸುವ ಎರಡು ಮೂರು ಗಂಟೆಯ ಮಾತುಕತೆಗೆ ಬೆಲೆಯಿದೆ. ತಪ್ಪು ಕೋರ್ಸಿನಲ್ಲಿ ಕಳೆಯುವ ನಾಲ್ಕು ವರ್ಷದೊಡನೆ ಹೋಲಿಸಿದರೆ ಆ ಶುಲ್ಕ ದುಬಾರಿಯಲ್ಲ. ಆದರೆ ಪ್ರಶ್ನಾವಳಿಯ ವರದಿ ಚರ್ಚೆಗೆ ಆರಂಭವೇ ಹೊರತು ತೀರ್ಪಲ್ಲ ಎಂಬುದನ್ನು ನೆನಪಿಡಬೇಕು.

ನಾಲ್ಕನೆಯದಾಗಿ, ವಿದೇಶಕ್ಕೆ ಹೋಗುವವರು. ಅಲ್ಲಿ ರ್‍ಯಾಂಕ್ ಒಂದರಿಂದಲೇ ಪ್ರವೇಶ ನಿರ್ಧಾರವಾಗುವುದಿಲ್ಲ. ಪ್ರಬಂಧ, ಶಿಫಾರಸು ಪತ್ರ, ವೀಸಾ ಹೀಗೆ ಹಲವು ಘಟ್ಟಗಳಿವೆ. ಪರಿಚಯವಿಲ್ಲದ ವ್ಯವಸ್ಥೆಯಲ್ಲಿ ಮಾರ್ಗದರ್ಶನ ಪಡೆಯುವುದು ಸಹಜ. ಆದರೆ ವಿದ್ಯಾರ್ಥಿಯ ಪ್ರಬಂಧವನ್ನು ತಾನೇ ಬರೆದುಕೊಡುವ, ಅರ್ಜಿಯಲ್ಲಿ ಇಲ್ಲದ ಸಾಧನೆ ಸೇರಿಸುವ ಸಲಹೆಗಾರ ನೆರವಲ್ಲ, ಅಪಾಯ. ಅಮೆರಿಕದಲ್ಲಿ 2019ರ ಮಾರ್ಚ್‌ನಲ್ಲಿ ಬಯಲಾದ ಹಗರಣದಲ್ಲಿ, ವಿಲಿಯಂ ಸಿಂಗರ್ ಎಂಬ ಪ್ರವೇಶ ಸಲಹೆಗಾರ ಲಂಚ ಮತ್ತು ನಕಲಿ ಕ್ರೀಡಾ ದಾಖಲೆಗಳ ಮೂಲಕ ಶ್ರೀಮಂತರ ಮಕ್ಕಳನ್ನು ಹೆಸರಾಂತ ವಿಶ್ವವಿದ್ಯಾಲಯಗಳಿಗೆ ಸೇರಿಸಿದ್ದು ಸಾಬೀತಾಯಿತು. 2023ರಲ್ಲಿ ಆತನಿಗೆ ಮೂರೂವರೆ ವರ್ಷ ಸೆರೆವಾಸ ವಿಧಿಸಲಾಯಿತು. ಅನೇಕ ಪೋಷಕರೂ ಶಿಕ್ಷೆಗೆ ಗುರಿಯಾದರು. ಅದೇ 2023ರಲ್ಲಿ, ಏಜೆಂಟರು ಕೊಟ್ಟ ನಕಲಿ ಪ್ರವೇಶ ಪತ್ರಗಳನ್ನು ನಂಬಿ ಕೆನಡಾ ಸೇರಿದ್ದ ಭಾರತೀಯ ವಿದ್ಯಾರ್ಥಿಗಳು ಗಡೀಪಾರಿನ ಭೀತಿ ಎದುರಿಸಿದರು. ಆ ವರ್ಷದ ಡಿಸೆಂಬರ್‌ನಿಂದ ಕೆನಡಾ ಸರ್ಕಾರ ಪ್ರತಿ ಪ್ರವೇಶ ಪತ್ರವನ್ನೂ ಕಾಲೇಜಿನಿಂದಲೇ ದೃಢಪಡಿಸಿಕೊಳ್ಳತೊಡಗಿತು.

ಮೋಸದ ಮಾರ್ಗಗಳು

‘ನೀಟ್ ಅಂಕ ಕಡಿಮೆ ಇದ್ದರೂ ಎಂಬಿಬಿಎಸ್ ಸೀಟು’ ಎಂಬುದು ಅತ್ಯಂತ ದುಬಾರಿ ಸುಳ್ಳು. ನೀಟ್ ಅರ್ಹತೆ ಇಲ್ಲದೆ ಆಡಳಿತ ಮಂಡಳಿ, ಅನಿವಾಸಿ ಭಾರತೀಯ ಕೋಟಾಗಳೂ ಸೇರಿದಂತೆ ಎಲ್ಲಿಯೂ ಎಂಬಿಬಿಎಸ್ ಪ್ರವೇಶವಿಲ್ಲ. ಅರ್ಹತೆ ಇದ್ದರೂ ಸೀಟು ಸಿಗುವುದು ಅಧಿಕೃತ ಕೌನ್ಸೆಲಿಂಗ್ ಮೂಲಕ ರ್‍ಯಾಂಕಿನ ಪ್ರಕಾರ. ದಲ್ಲಾಳಿಯ ಲೆಕ್ಕಾಚಾರ ಬೇರೆಯೇ ಇದೆ. ಆತ ಹತ್ತು ಕುಟುಂಬಗಳಿಂದ ಮುಂಗಡ ಪಡೆಯುತ್ತಾನೆ. ಅವರಲ್ಲಿ ಇಬ್ಬರಿಗೆ ತಮ್ಮ ರ್‍ಯಾಂಕಿನ ಬಲದಿಂದಲೇ ಸೀಟು ಸಿಗುತ್ತದೆ. ಅದನ್ನು ತಾನೇ ಕೊಡಿಸಿದೆನೆಂದು ಹೇಳಿ ಪೂರ್ತಿ ಹಣ ಪಡೆಯುತ್ತಾನೆ. ಉಳಿದ ಎಂಟು ಮಂದಿಗೆ ‘ಮುಂದಿನ ಸುತ್ತಿನಲ್ಲಿ ನೋಡೋಣ’ ಎನ್ನುತ್ತಾನೆ. ಹಣ ಮರಳಿಸಿದರೆ ಪ್ರಾಮಾಣಿಕನೆಂಬ ಹೆಸರು, ಮರಳಿಸದಿದ್ದರೆ ಲಾಭ.

ಎರಡನೆಯ ಅಪಾಯ ಲಾಗಿನ್ ವಿವರ ಒಪ್ಪಿಸುವುದು. ಬಳಕೆದಾರ ಸಂಖ್ಯೆ, ಪಾಸ್‌ವರ್ಡ್, ಒಟಿಪಿಗಳನ್ನು ಸಲಹೆಗಾರನಿಗೆ ಕೊಟ್ಟರೆ ಆದ್ಯತಾ ಪಟ್ಟಿ ಆತನ ಸ್ವತ್ತಾಗುತ್ತದೆ. ಬೇಡಿಕೆಯ ಸೀಟುಗಳನ್ನು ಬೇರೆ ಅಭ್ಯರ್ಥಿಗಳ ಹೆಸರಿನಲ್ಲಿ ಹಿಡಿದಿಟ್ಟು, ಅವರು ಸೇರದೆ ಉಳಿದಾಗ ಆ ಸೀಟು ಆಡಳಿತ ಮಂಡಳಿಗೆ ಮರಳುವಂತೆ ಮಾಡುವ ಸೀಟ್ ಬ್ಲಾಕಿಂಗ್ ದಂಧೆಗೆ ಇಂತಹ ಲಾಗಿನ್‌ಗಳೇ ಬೇಕು. 2024ರ ಎಂಜಿನಿಯರಿಂಗ್ ಪ್ರವೇಶದಲ್ಲಿ ಈ ಅಕ್ರಮ ನಡೆದ ಶಂಕೆಯ ಮೇಲೆ ಪ್ರಾಧಿಕಾರ ನೀಡಿದ ದೂರಿನಂತೆ ಮಲ್ಲೇಶ್ವರ ಠಾಣೆಯಲ್ಲಿ ಪ್ರಕರಣ ದಾಖಲಾಗಿ ಹಲವರ ಬಂಧನವಾಯಿತು. 2025ರಲ್ಲಿ ಜಾರಿ ನಿರ್ದೇಶನಾಲಯವೂ ಶೋಧ ನಡೆಸಿತು. ತನ್ನ ಲಾಗಿನ್ ಇತರರಿಗೆ ಕೊಟ್ಟ ವಿದ್ಯಾರ್ಥಿ ಅರಿಯದೆಯೇ ಇಂತಹ ತನಿಖೆಯ ಸುಳಿಗೆ ಸಿಲುಕಬಹುದು. ಹೀಗೆ ಹಿಡಿದಿಟ್ಟ ಪ್ರತಿ ಸೀಟೂ ರ್‍ಯಾಂಕ್ ಇದ್ದ ಇನ್ನೊಬ್ಬ ವಿದ್ಯಾರ್ಥಿಯಿಂದ ಕಿತ್ತುಕೊಂಡದ್ದು ಎಂಬುದನ್ನೂ ಮರೆಯಬಾರದು.

ಮೂರನೆಯದು ಮೂಲ ಅಂಕಪಟ್ಟಿಗಳನ್ನು ‘ಸೀಟು ಕಾಯ್ದಿರಿಸಲು’ ಕೇಳುವುದು. ಪ್ರವೇಶದ ನೆಪದಲ್ಲಿ ವಿದ್ಯಾಸಂಸ್ಥೆಗಳು ಕೂಡ ಮೂಲ ದಾಖಲೆಗಳನ್ನು ತಮ್ಮ ಬಳಿ ಇಟ್ಟುಕೊಳ್ಳಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಸೂಚಿಸಿದೆ. ಹೀಗಿರುವಾಗ ಖಾಸಗಿ ಸಲಹೆಗಾರನಿಗೆ ಅವುಗಳನ್ನು ಒಪ್ಪಿಸುವ ಪ್ರಶ್ನೆಯೇ ಏಳುವುದಿಲ್ಲ.

ಆಡಳಿತ ಮಂಡಳಿ ಕೋಟಾದ ಎಂಜಿನಿಯರಿಂಗ್ ಸೀಟು ಬೇಕೆಂದೇ ನಿರ್ಧರಿಸಿದವರು ನೇರವಾಗಿ ಕಾಲೇಜಿನ ಪ್ರವೇಶ ಕಚೇರಿಗೆ ಹೋಗಿ ಶುಲ್ಕದ ವಿವರವನ್ನು ಲಿಖಿತವಾಗಿ ಪಡೆಯುವುದು ಒಳಿತು. ನಡುವೆ ದಲ್ಲಾಳಿ ಬಂದರೆ ಆತನ ಪಾಲು ಪೋಷಕರ ಕಿಸೆಯಿಂದಲೇ ಹೋಗುತ್ತದೆ. ರಸೀದಿ ಇಲ್ಲದ ನಗದು ಎಂದರೆ ಅದು ವಂತಿಗೆ, ಅಂದರೆ ಕಾನೂನುಬಾಹಿರ.

ಕಾನೂನಿನ ರಕ್ಷಣೆ ಎಷ್ಟು?

ಕೋಚಿಂಗ್ ಕೇಂದ್ರಗಳಿಗಾಗಿ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅದೇ ವರ್ಷ ನವೆಂಬರ್‌ನಲ್ಲಿ ನಿಯಮ ರೂಪಿಸಿತು. ಆದರೆ ಇವೆರಡರಲ್ಲಿಯೂ ‘ಕೋಚಿಂಗ್’ ಎಂಬುದರ ವ್ಯಾಖ್ಯೆಯಿಂದ ಕೌನ್ಸೆಲಿಂಗ್ ಅನ್ನು ಹೊರಗಿಡಲಾಗಿದೆ. ಹೀಗಾಗಿ ಪ್ರವೇಶ ಸಲಹೆಗಾರನಾಗಲು ಇಂತಹದ್ದೇ ವಿದ್ಯಾರ್ಹತೆ ಬೇಕೆಂಬ ನಿಯಮವಿಲ್ಲ.

ಆದರೂ ಪೋಷಕರು ಸಂಪೂರ್ಣ ಅಸಹಾಯಕರಲ್ಲ. ಹಣ ಪಡೆದು ನೀಡುವ ಸಲಹೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆಯೇ ಆಗುತ್ತದೆ. ಸೇವೆಯಲ್ಲಿ ಲೋಪವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಇದಕ್ಕೆಲ್ಲ ರಸೀದಿ ಮತ್ತು ಲಿಖಿತ ಒಪ್ಪಂದ ಅಗತ್ಯ. ಇನ್ನು ಅಕ್ರಮ ಸೀಟಿಗಾಗಿ ಕೊಟ್ಟ ಹಣದ ಮಾತು ಬೇರೆ. ಕಾನೂನುಬಾಹಿರ ಉದ್ದೇಶದ ಒಪ್ಪಂದ 1872ರ ಭಾರತೀಯ ಕರಾರು ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಊರ್ಜಿತವಲ್ಲ. ಆ ಹಣವನ್ನು ಮರಳಿ ಪಡೆಯುವ ದಾರಿ ಬಹಳ ಕಠಿಣ.

ಸಲಹೆಗಾರರನ್ನು ಕೇಳಬೇಕಾದ ಪ್ರಶ್ನೆಗಳು

1. ನಿಮಗೆ ಯಾವುದಾದರೂ ಕಾಲೇಜು ಅಥವಾ ವಿಶ್ವವಿದ್ಯಾಲಯದಿಂದ ಕಮಿಷನ್ ಬರುತ್ತದೆಯೇ? ಬರುವುದಾದರೆ ಯಾವುವು?

2. ನಿಮ್ಮ ವಿದ್ಯಾರ್ಹತೆ ಏನು? ಈ ಕ್ಷೇತ್ರದಲ್ಲಿ ಎಷ್ಟು ವರ್ಷದ ಅನುಭವವಿದೆ?

3. ಶುಲ್ಕಕ್ಕೆ ಪ್ರತಿಯಾಗಿ ನೀವು ಮಾಡುವ ಕೆಲಸಗಳನ್ನು ಬರಹದಲ್ಲಿ ಕೊಡುವಿರಾ? ರಸೀದಿ ಕೊಡುವಿರಾ?

4. ನಡುವೆ ಸೇವೆ ಬೇಡವೆಂದರೆ ಎಷ್ಟು ಹಣ ಮರಳಿಸುವಿರಿ?

5. ಆದ್ಯತಾ ಪಟ್ಟಿಯನ್ನು ವಿದ್ಯಾರ್ಥಿಯೇ ನಮೂದಿಸಬಹುದೇ, ಅಥವಾ ಲಾಗಿನ್ ನಿಮಗೆ ಕೊಡಬೇಕೇ?

6. ಈ ಕಾಲೇಜನ್ನು ಸೂಚಿಸಲು ಆಧಾರವೇನು? ಆ ಅಂಕಿಅಂಶ ಎಲ್ಲಿ ಪ್ರಕಟವಾಗಿದೆ?

ಐದನೆಯ ಪ್ರಶ್ನೆಗೆ ‘ಲಾಗಿನ್ ನಮಗೆ ಕೊಡಿ’ ಎಂಬ ಉತ್ತರ ಬಂದರೆ ಅಥವಾ ಮಾತಿನ ನಡುವೆ ‘ಸೀಟು ಗ್ಯಾರಂಟಿ’ ಎಂಬ ಶಬ್ದ ಕೇಳಿದರೆ ಅಲ್ಲಿಂದ ಎದ್ದು ಬರುವುದೇ ಲೇಸು.

ಮನೆಯಲ್ಲಿಯೇ ಮಾಡಬಹುದಾದ ಸಿದ್ಧತೆ

ಬಹುತೇಕ ಕುಟುಂಬಗಳಿಗೆ ಎರಡು ವಾರಾಂತ್ಯಗಳ ಶ್ರಮ ಸಾಕು. ಮೊದಲಿಗೆ ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ವಿದ್ಯಾರ್ಥಿ ಮತ್ತು ಪೋಷಕರು ಒಟ್ಟಿಗೆ ಕುಳಿತು ಓದಬೇಕು. ನಂತರ ಪ್ರಾಧಿಕಾರದ ಜಾಲತಾಣದಲ್ಲಿರುವ ಹಿಂದಿನ ವರ್ಷಗಳ ಕಟ್ ಆಫ್ ರ್‍ಯಾಂಕ್‌ಗಳನ್ನು ತಮ್ಮ ಪ್ರವರ್ಗಕ್ಕೆ ತಕ್ಕಂತೆ ಗುರುತು ಹಾಕಿಕೊಳ್ಳಬೇಕು. ಕಟ್ ಆಫ್ ಎಂದರೆ ಆ ಸೀಟು ಪಡೆದ ಕೊನೆಯ ಅಭ್ಯರ್ಥಿಯ ರ್‍ಯಾಂಕ್. ಅದು ಭರವಸೆಯಲ್ಲ, ಸೂಚನೆ ಮಾತ್ರ. ಎಐಸಿಟಿಇ 2024-25ರಿಂದ ಅರ್ಹ ಕಾಲೇಜುಗಳಿಗೆ ಸೀಟು ಸಂಖ್ಯೆಯ ಮಿತಿ ಸಡಿಲಿಸಿದ ಮೇಲೆ ಕಂಪ್ಯೂಟರ್ ಸೈನ್ಸ್‌ನಂತಹ ವಿಭಾಗಗಳಲ್ಲಿ ಈ ಅಂಕಿಗಳು ಇನ್ನಷ್ಟು ಏರುಪೇರಾಗಬಲ್ಲವು.

ಕಾಲೇಜಿನ ಗುಣಮಟ್ಟ ಅರಿಯಲು ಜಾಹೀರಾತನ್ನು ನಂಬುವ ಬದಲು ಅದರ ನ್ಯಾಕ್ ಶ್ರೇಣಿ, ಬೇಕಾದ ವಿಭಾಗಕ್ಕೆ ಎನ್‌ಬಿಎ ಮಾನ್ಯತೆ ಇದೆಯೇ ಎಂಬುದನ್ನು ನೋಡಬೇಕು. ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಸಲ್ಲಿಸಿದ ವಿವರಗಳನ್ನು ಕಾಲೇಜುಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ಉದ್ಯೋಗ ಪಡೆದವರ ಸಂಖ್ಯೆ ಮತ್ತು ಅವರ ಮಧ್ಯಮ ವೇತನ ಅದರಲ್ಲಿರುತ್ತದೆ. ಫಲಕಗಳಲ್ಲಿ ಮೆರೆಯುವ ‘ಅತಿ ಹೆಚ್ಚಿನ ಪ್ಯಾಕೇಜ್’ ಒಬ್ಬನದು, ಮಧ್ಯಮ ವೇತನ ತರಗತಿಯದು. ಕೊನೆಯದಾಗಿ, ಪಟ್ಟಿಯ ಮೇಲ್ಭಾಗದ ನಾಲ್ಕೈದು ಕಾಲೇಜುಗಳಿಗೆ ಖುದ್ದಾಗಿ ಹೋಗಿ ಅಲ್ಲಿ ಓದುತ್ತಿರುವ ವಿದ್ಯಾರ್ಥಿಗಳೊಡನೆ ಮಾತನಾಡಬೇಕು. ಹಾಸ್ಟೆಲ್ ಊಟದಿಂದ ಹಿಡಿದು ಪ್ರಯೋಗಾಲಯದ ಸ್ಥಿತಿಯವರೆಗೆ ಅವರು ಹೇಳುವಷ್ಟು ನೇರವಾಗಿ ಯಾವ ಸಲಹೆಗಾರನೂ ಹೇಳಲಾರ.

ಈ ಎಲ್ಲದರ ನಂತರವೂ ಗೊಂದಲ ಉಳಿದರೆ, ನಿರ್ದಿಷ್ಟ ಪ್ರಶ್ನೆಗಳೊಡನೆ ಒಂದೆರಡು ಗಂಟೆಯ ಸಲಹೆಯನ್ನು ಹಣ ಕೊಟ್ಟು ಪಡೆಯುವುದರಲ್ಲಿ ತಪ್ಪಿಲ್ಲ. ಇಡೀ ಪ್ರಕ್ರಿಯೆಯನ್ನೇ ಗುತ್ತಿಗೆ ಕೊಡುವುದು ಮಾತ್ರ ಸಲ್ಲದು. ಹದಿನೇಳು, ಹದಿನೆಂಟರ ವಯಸ್ಸಿನ ವಿದ್ಯಾರ್ಥಿ ತನ್ನ ಬದುಕಿನ ಬಗ್ಗೆ ಕೈಗೊಳ್ಳುವ ಮೊದಲ ದೊಡ್ಡ ತೀರ್ಮಾನ ಇದು. ಆ ಪಟ್ಟಿಯ ಪ್ರತಿ ಸಾಲಿಗೂ ‘ಇದೇಕೆ ಇಲ್ಲಿದೆ’ ಎಂಬುದಕ್ಕೆ ವಿದ್ಯಾರ್ಥಿಯೇ ಉತ್ತರ ಹೇಳುವಂತಿದ್ದರೆ ಖಾಸಗಿ ಸಲಹೆಗಾರ ಬೇಕಿಲ್ಲ. ಹೇಳಲಾರದಿದ್ದರೆ, ಎಷ್ಟು ಹಣ ಕೊಟ್ಟು ಮಾಡಿಸಿದ ಪಟ್ಟಿಯೂ ಅವರದಾಗುವುದಿಲ್ಲ.